ನಾಯಿಯ ಪ್ರವಾಸ ಮುಗಿಯುವುದು ಯಾವಾಗ?

ಮೊದಲು ಒಂದು ನಾಯಿಯ ಉಗುರಿನ ಬಗ್ಗೆ ಹೇಳುತ್ತೇನೆ.

ಏಳು ವರ್ಷದ ಹೆಣ್ಣು ನಾಯಿ. ಕ್ಲಿನಿಕ್ಕಿನ ಒಳಗೆ ಬರುವಾಗಲೇ ನೆಲದ ಮೇಲೆ ಟಕ್ ಟಕ್ ಅಂತ ಸದ್ದು. ಉಗುರುಗಳು ಉದ್ದ ಬೆಳೆದು ಕೊಕ್ಕೆಯ ಹಾಗೆ ಬಾಗಿದ್ದವು. ಮನೆಯವರು ಬಂದಿದ್ದೇ ಉಗುರು ಕತ್ತರಿಸಿಕೊಂಡು ಹೋಗಲು. "ಹೋದ ತಿಂಗಳು ತಾನೇ ಕತ್ತರಿಸಿದ್ದು ಡಾಕ್ಟ್ರೇ, ಮತ್ತೆ ಹೀಗಾಗಿದೆ" ಅಂದರು. ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿ ನೋಡಿದೆ. ಕಣ್ಣಿನ ಸುತ್ತ ಕೂದಲು ಉದುರಿ ಬೋಳು ಉಂಗುರ ಕಾಣುತ್ತಿತ್ತು. ಕಿವಿಯ ಅಂಚಿನಲ್ಲಿ ಬಿಳಿ ಹೊಟ್ಟು. ಬೆನ್ನ ಮೇಲೆ ಕೈಯಾಡಿಸಿದರೆ ಮೂಳೆ ಸಿಗುತ್ತಿತ್ತು. ದವಡೆಯ ಕೆಳಗೆ, ಮೊಣಕಾಲಿನ ಹಿಂದೆ ಗಂಟುಗಳು ಊದಿಕೊಂಡಿದ್ದವು.

"ಎಲ್ಲಾದರೂ ದೂರ ಹೋಗಿದ್ದಿರಾ?" ಅಂತ ಕೇಳಿದೆ. ಇಲ್ಲ ಅಂದರು. "ಈ ವರ್ಷ ಬೇಡ, ಅದಕ್ಕೂ ಮುಂಚೆ?" ಸ್ವಲ್ಪ ಯೋಚನೆ ಮಾಡಿ ಹೇಳಿದರು: "ಎರಡು ವರ್ಷದ ಹಿಂದೆ ಸ್ಪೇನಿನ ಕರಾವಳಿಯಲ್ಲಿ ಮೂರು ವಾರ ಇದ್ದೆವು. ಆದರೆ ಆಗ ಇವಳಿಗೆ ಏನೂ ಆಗಿರಲಿಲ್ಲ. ಚೆನ್ನಾಗೇ ಓಡಾಡಿಕೊಂಡಿದ್ದಳು."

ರಕ್ತ ಪರೀಕ್ಷೆ ಮಾಡಿಸಿದೆವು. ಲೀಶ್ಮೇನಿಯಾ ಅನ್ನುವ ರೋಗಾಣು ಇತ್ತು.

ಆ ಮನೆಯವರ ಪ್ರವಾಸ ಮೂರು ವಾರಕ್ಕೆ ಮುಗಿದಿತ್ತು. ಚೀಲ ಬಿಚ್ಚಿ, ಬಟ್ಟೆ ಒಗೆದು, ಫೋಟೊ ಎಲ್ಲ ಎತ್ತಿಟ್ಟಾಗಿತ್ತು. ನಾಯಿಯ ಮೈಯೊಳಗೆ ಮಾತ್ರ ಆ ಪ್ರವಾಸ ಎರಡು ವರ್ಷ ನಡೆಯುತ್ತಲೇ ಇತ್ತು. ಇವತ್ತು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ನಾಯಿಯನ್ನು ಹೊರದೇಶಕ್ಕೆ ಕರೆದುಕೊಂಡು ಹೋಗುವಾಗ ಟಿಕೆಟ್ಟಿನ ಮೇಲಿರುವ ಎರಡು ತಾರೀಖುಗಳನ್ನು ನಂಬಬೇಡಿ. ಹುಳ, ಹುಪ್ಪಟೆ, ಉಣುಗುಗಳ ಲೆಕ್ಕದಲ್ಲಿ ಪ್ರವಾಸ ಹೊರಡುವುದಕ್ಕೆ ಎಷ್ಟೋ ದಿನ ಮೊದಲೇ ಶುರುವಾಗುತ್ತದೆ. ವಾಪಸ್ ಬಂದು ತಿಂಗಳುಗಟ್ಟಲೆ ಆದಮೇಲೆ ಮುಗಿಯುತ್ತದೆ.

ಲೀಶ್ಮೇನಿಯಾದಿಂದಲೇ ಶುರು ಮಾಡೋಣ. ಜನ ಅತಿ ಜಾಸ್ತಿ ತಪ್ಪು ತಿಳಿದುಕೊಂಡಿರುವುದು ಇದರ ಬಗ್ಗೆಯೇ.

ಇದನ್ನು ಹರಡುವುದು ಮರಳು ನೊಣ. ಹೆಸರು ಕೇಳಿ ಎಲ್ಲರೂ ಬೀಚಿನ ಮರಳನ್ನು ನೆನೆಸಿಕೊಳ್ಳುತ್ತಾರೆ. ಮರಳಿಗೂ ಅದಕ್ಕೂ ಸಂಬಂಧವಿಲ್ಲ. ಅದು ಇರುವುದು ಹಳೇ ಗೋಡೆಯ ಬಿರುಕು, ಕೊಟ್ಟಿಗೆ, ಮರದ ಪೊಟರೆ, ಕೊಳೆತ ಎಲೆ ಬಿದ್ದ ತಂಪು ಮಣ್ಣು, ಇಂಥ ಕಡೆ. ಗಾತ್ರ ಎರಡು ಮೂರು ಮಿಲಿಮೀಟರ್ ಅಷ್ಟೇ. ಸೊಳ್ಳೆಯ ಹಾಗೆ ಗುಂಯ್ ಅನ್ನುವುದಿಲ್ಲ, ಸದ್ದೇ ಇಲ್ಲ. ಸಂಜೆ ಕತ್ತಲಾಗುವ ಹೊತ್ತಿಗೆ ಹೊರಗೆ ಬಂದು ಬೆಳಗಿನ ತನಕ ಓಡಾಡುತ್ತದೆ. ನಾಯಿಯ ಮೂಗಿನ ಮೇಲೆ, ಕಿವಿಯ ಒಳಗೆ, ಕಣ್ಣಿನ ಸುತ್ತ, ಅಂದರೆ ಕೂದಲು ಕಮ್ಮಿ ಇರುವ ಕಡೆ ಕೂತು ರಕ್ತ ಹೀರುತ್ತದೆ. ಸ್ಪೇನ್, ಪೋರ್ಚುಗಲ್, ಇಟಲಿ, ಗ್ರೀಸ್, ಫ್ರಾನ್ಸಿನ ದಕ್ಷಿಣ ಭಾಗ, ಹೀಗೆ ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ಇದು ಸಾಮಾನ್ಯ. ಬ್ರೆಜಿಲ್‌ನಲ್ಲೂ ಇದೆ. ಅಲ್ಲಿ ರೋಗ ಹರಡುವುದು ಬೇರೆ ಜಾತಿಯ ಮರಳು ನೊಣ, ರೋಗ ಅದೇ.

ಕಚ್ಚಿದ ದಿನ ಏನೂ ಗೊತ್ತಾಗುವುದಿಲ್ಲ. ರೋಗಾಣು ನಾಯಿಯದೇ ರಕ್ಷಕ ಕಣಗಳ ಒಳಗೆ ಸೇರಿಕೊಂಡು ನಿಧಾನವಾಗಿ ಬೆಳೆಯುತ್ತದೆ. ಲಕ್ಷಣ ಕಾಣಿಸಿಕೊಳ್ಳಲು ಕೆಲವು ತಿಂಗಳು ಸಾಕು, ಕೆಲವು ನಾಯಿಗಳಲ್ಲಿ ವರ್ಷಗಳೇ ಹಿಡಿಯುತ್ತವೆ. ಚರ್ಮ, ಉಗುರು, ಮೂಗಿನಿಂದ ರಕ್ತ, ತೂಕ ಇಳಿಯುವುದು, ಇವೆಲ್ಲ ಕಣ್ಣಿಗೆ ಕಾಣುವಂಥವು. ಕಾಣದೆ ಹಾಳಾಗುವುದು ಮೂತ್ರಪಿಂಡ. ನಾಯಿ ಸಾಯುವುದು ಹೆಚ್ಚಾಗಿ ಅದರಿಂದಲೇ. ಔಷಧ ಇದೆ. ಅಲೋಪ್ಯುರಿನಾಲ್ ಮಾತ್ರೆ ತಿಂಗಳುಗಟ್ಟಲೆ, ಅದರ ಜೊತೆಗೆ ಮಿಲ್ಟೆಫೋಸಿನ್ ಅಥವಾ ಆಂಟಿಮೊನಿ ಇಂಜೆಕ್ಷನ್ ಕೊಡುತ್ತೇವೆ. ಬಹಳಷ್ಟು ನಾಯಿಗಳು ಚೇತರಿಸಿಕೊಳ್ಳುತ್ತವೆ. ಆದರೆ ರೋಗಾಣು ಮೈಯಿಂದ ಪೂರ್ತಿ ಹೋಯಿತು ಅಂತ ಎದೆ ತಟ್ಟಿ ಹೇಳಲು ಆಗುವುದಿಲ್ಲ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಬಹಳ ಜನ "ನಮ್ಮ ನಾಯಿಗೆ ತಿಂಗಳಿಗೊಂದು ಉಣುಗಿನ ಮಾತ್ರೆ ಕೊಡುತ್ತೇವಲ್ಲ, ಸಾಕಲ್ವಾ?" ಅಂತ ಕೇಳುತ್ತಾರೆ. ಸಾಕಾಗುವುದಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಔಷಧಗಳಲ್ಲಿ ಎರಡು ಜಾತಿ. ಒಂದು ಕೊಲ್ಲುವಂಥದ್ದು, ಇನ್ನೊಂದು ಓಡಿಸುವಂಥದ್ದು. ಈಗ ಎಲ್ಲ ಕಡೆ ಬಳಕೆಯಲ್ಲಿರುವ ಅಗಿಯುವ ಮಾತ್ರೆಗಳು, ಅಂದರೆ ಫ್ಲುರಾಲನರ್, ಅಫಾಕ್ಸೊಲನರ್, ಸರೊಲನರ್ ಇತ್ಯಾದಿ, ರಕ್ತದಲ್ಲಿ ಸೇರಿಕೊಂಡು ಕೆಲಸ ಮಾಡುತ್ತವೆ. ಉಣುಗು ಕಚ್ಚಬೇಕು, ರಕ್ತ ಕುಡಿಯಬೇಕು, ಆಮೇಲೆ ಸಾಯಬೇಕು. ಚಿಗಟಕ್ಕೆ, ಉಣುಗಿಗೆ ಇವು ಒಳ್ಳೆಯ ಔಷಧಗಳೇ. ಮರಳು ನೊಣ ಮಾತ್ರ ಕಚ್ಚಿದ ಕ್ಷಣದಲ್ಲೇ ರೋಗಾಣುವನ್ನು ಒಳಗೆ ಬಿಟ್ಟಿರುತ್ತದೆ. ಆಮೇಲೆ ಅದು ಸತ್ತರೆಷ್ಟು, ಬಿಟ್ಟರೆಷ್ಟು? ಅದು ಮೈಮೇಲೆ ಕೂತು ಕಚ್ಚುವ ಮೊದಲೇ ದೂರ ಹೋಗಬೇಕು. ಆ ಕೆಲಸ ಮಾಡುವುದು ಪರ್ಮೆಥ್ರಿನ್ ಇರುವ ಹನಿ ಔಷಧ, ಇಲ್ಲವೇ ಡೆಲ್ಟಾಮೆಥ್ರಿನ್ ಅಥವಾ ಫ್ಲುಮೆಥ್ರಿನ್ ಇರುವ ಕೊರಳಪಟ್ಟಿ.

ಇದರಲ್ಲೂ ದಿನದ ಲೆಕ್ಕ ಇದೆ. ಡೆಲ್ಟಾಮೆಥ್ರಿನ್ ಪಟ್ಟಿಯ ಔಷಧ ಕುತ್ತಿಗೆಯಿಂದ ಚರ್ಮದ ಜಿಡ್ಡಿನ ಮೂಲಕ ನಿಧಾನವಾಗಿ ಬಾಲದ ತನಕ ಹರಡಬೇಕು. ಅದಕ್ಕೆ ಒಂದೆರಡು ವಾರ ಬೇಕು. ವಿಮಾನ ನಿಲ್ದಾಣದಲ್ಲಿ ಪಟ್ಟಿ ಕಟ್ಟಿದರೆ ಮೊದಲ ವಾರವೆಲ್ಲ ನಾಯಿಯ ಹಿಂಭಾಗಕ್ಕೆ ರಕ್ಷಣೆಯೇ ಇರುವುದಿಲ್ಲ. ಹನಿ ಔಷಧವಾದರೆ ಹೊರಡುವ ಎರಡು ದಿನ ಮೊದಲು ಹಾಕಿ. ಇನ್ನೊಂದು ವಿಷಯ. ಒಂದೇ ಹನಿ ಔಷಧದ ಡಬ್ಬಿಯ ಮೇಲೆ ಉಣುಗಿಗೆ ನಾಲ್ಕು ವಾರ, ಮರಳು ನೊಣಕ್ಕೆ ಎರಡೋ ಮೂರೋ ವಾರ ಅಂತ ಬೇರೆ ಬೇರೆ ಬರೆದಿರುತ್ತಾರೆ. ಜನ ನಾಲ್ಕು ವಾರ ಅನ್ನುವುದನ್ನು ಮಾತ್ರ ಓದುತ್ತಾರೆ. ದಯವಿಟ್ಟು ಮರಳು ನೊಣದ ಸಾಲನ್ನು ಹುಡುಕಿ ಓದಿ. ಪಟ್ಟಿ ಸುಮ್ನೆ ನೇತಾಡುವ ಹಾಗಿರಬಾರದು, ಚರ್ಮಕ್ಕೆ ತಾಗಬೇಕು. ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲ ಇದ್ದರೆ ಸರಿ. ನಾಯಿ ದಿನಾ ಈಜಿದರೆ, ಮೇಲಿಂದ ಮೇಲೆ ಶಾಂಪೂ ಹಾಕಿ ತೊಳೆದರೆ ಈ ಔಷಧಗಳ ಶಕ್ತಿ ಕಮ್ಮಿಯಾಗುತ್ತದೆ. ಅದೂ ಲೆಕ್ಕದಲ್ಲಿರಲಿ.

ಸಂಜೆಯಿಂದ ಬೆಳಗಿನ ತನಕ ನಾಯಿಯನ್ನು ಮನೆಯೊಳಗೆ ಮಲಗಿಸಿ. ಮರಳು ನೊಣ ಬಹಳ ದುರ್ಬಲವಾಗಿ ಹಾರುತ್ತದೆ. ಸಣ್ಣ ಗಾಳಿಗೂ ತಡೆಯುವುದಿಲ್ಲ, ಹಾಗಾಗಿ ಫ್ಯಾನ್ ಹಾಕಿದರೂ ಉಪಯೋಗವಿದೆ. ಮಾಮೂಲಿ ಸೊಳ್ಳೆಪರದೆಯ ಕಣ್ಣಿನಲ್ಲಿ ಇದು ತೂರಿಕೊಂಡು ಬರುತ್ತದೆ, ಇನ್ನೂ ಸಣ್ಣ ಕಣ್ಣಿನ ಬಲೆ ಬೇಕು. ಲಸಿಕೆಯೂ ಕೆಲವು ದೇಶಗಳಲ್ಲಿ ಸಿಗುತ್ತದೆ. ಯುರೋಪಿನಲ್ಲಿ 2011ರಲ್ಲಿ ಮೊದಲ ಲಸಿಕೆಗೆ ಅನುಮತಿ ಸಿಕ್ಕಿತು. ಆದರೆ ಲಸಿಕೆ ಕಚ್ಚುವುದನ್ನು ತಡೆಯುವುದಿಲ್ಲ, ಸೋಂಕನ್ನೂ ಪೂರ್ತಿ ತಡೆಯುವುದಿಲ್ಲ. ರೋಗ ಜೋರಾಗುವ ಅಪಾಯವನ್ನು ತಗ್ಗಿಸುತ್ತದೆ. ಲಸಿಕೆ ಹಾಕಿಸಿದ್ದೇವೆ ಅಂತ ಪಟ್ಟಿ ಬಿಚ್ಚಿಡಬೇಡಿ.

ಇಲ್ಲಿ ಸ್ವಲ್ಪ ದಾರಿ ತಪ್ಪಿ ಬೆಕ್ಕಿನ ಬಗ್ಗೆ ಒಂದು ಮಾತು. ಮನೆಯಲ್ಲಿ ಬೆಕ್ಕಿದ್ದವರು ಇದನ್ನು ಮನಸ್ಸಿಟ್ಟು ಕೇಳಬೇಕು. ಪರ್ಮೆಥ್ರಿನ್ ಬೆಕ್ಕಿಗೆ ವಿಷ. ನಾಯಿಯ ಲಿವರ್ ಅದನ್ನು ಕರಗಿಸಿ ಹೊರಗೆ ಹಾಕುತ್ತದೆ, ಬೆಕ್ಕಿನ ಲಿವರ್‌ಗೆ ಆ ಶಕ್ತಿ ಬಹಳ ಕಮ್ಮಿ. ನಾಯಿಗೆಂದು ತಂದ ಹನಿಯನ್ನು "ಸ್ವಲ್ಪವೇ ಸ್ವಲ್ಪ" ಅಂತ ಬೆಕ್ಕಿಗೂ ಹಾಕಿ, ಕೆಲವೇ ಗಂಟೆಗಳಲ್ಲಿ ಮೈಯೆಲ್ಲ ನಡುಗುತ್ತಾ, ಫಿಟ್ಸ್ ಬಂದು ಒದ್ದಾಡುವ ಬೆಕ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಓಡಿಬಂದವರನ್ನು ನಾನು ನೋಡಿದ್ದೇನೆ. ಹಾಕದಿದ್ದರೂ, ಹನಿ ಹಾಕಿದ ನಾಯಿಯನ್ನು ಬೆಕ್ಕು ನೆಕ್ಕಿದರೆ, ಅದರ ಪಕ್ಕದಲ್ಲಿ ಒತ್ತಿ ಮಲಗಿದರೆ ಅಪಾಯವೇ. ಔಷಧ ಪೂರ್ತಿ ಒಣಗುವವರೆಗೆ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿಡಿ. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರದ ಮನೆಯಾದರೆ, ಪರ್ಮೆಥ್ರಿನ್ ಬಿಟ್ಟು ಬೇರೇನು ಮಾಡಬಹುದು ಅಂತ ಮೊದಲೇ ನಿಮ್ಮ ಡಾಕ್ಟರನ್ನು ಕೇಳಿ.

ಸರಿ, ಸೊಳ್ಳೆಗೆ ಬರೋಣ. ಸೊಳ್ಳೆ ತರುವುದು ಹೃದಯದ ಹುಳು, ಹಾರ್ಟ್‌ವರ್ಮ್. ಹೆಣ್ಣು ಹುಳು ಮೂವತ್ತು ಸೆಂಟಿಮೀಟರ್ ತನಕ ಬೆಳೆಯುತ್ತದೆ. ಒಂದು ಸ್ಕೇಲಿನಷ್ಟು ಉದ್ದದ ದಾರವನ್ನು ನೆನೆಸಿಕೊಳ್ಳಿ. ಅಂಥವು ಹತ್ತಾರು ಒಟ್ಟಿಗೆ ನಾಯಿಯ ಶ್ವಾಸಕೋಶದ ರಕ್ತನಾಳದಲ್ಲಿ ಇರುತ್ತವೆ, ಐದರಿಂದ ಏಳು ವರ್ಷ ಬದುಕುತ್ತವೆ. ಅಮೆರಿಕದ ಆಗ್ನೇಯ ರಾಜ್ಯಗಳು, ಇಟಲಿಯ ಪೋ ನದಿಯ ಬಯಲು, ಇವು ಇದರ ಹಳೆಯ ನೆಲೆಗಳು. ಬೆಚ್ಚಗಿರುವ, ಸೊಳ್ಳೆ ಇರುವ ಇನ್ನೂ ಎಷ್ಟೋ ದೇಶಗಳಲ್ಲಿ ಇದೆ.

ಇದರ ತಡೆ ಔಷಧ ಕೆಲಸ ಮಾಡುವ ರೀತಿ ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಾದರೆ ಯಾರೂ ಡೋಸ್ ತಪ್ಪಿಸುವುದಿಲ್ಲ. ನೀವು ಒಂದನೇ ತಾರೀಖು ಕೊಡುವ ಮಾತ್ರೆ ಮುಂದಿನ ತಿಂಗಳಿಗೆ ಅಂದುಕೊಂಡಿದ್ದೀರಿ ಅಲ್ವಾ? ಅದು ಹಿಂದಿನ ತಿಂಗಳಿಗೆ. ಕಳೆದ ಮೂವತ್ತು ದಿನದಲ್ಲಿ ಸೊಳ್ಳೆ ಬಿಟ್ಟುಹೋದ ಮರಿಹುಳುಗಳನ್ನು ಅದು ಗುಡಿಸಿ ಹಾಕುತ್ತದೆ. ಅಂದಮೇಲೆ ಪ್ರವಾಸ ಮುಗಿಸಿ ಮನೆಗೆ ಬಂದ ಮೇಲೆ ಕೊಡುವ ಮಾತ್ರೆಯೇ ಪ್ರವಾಸದ ಕೊನೆಯ ವಾರವನ್ನು ಕಾಯುವುದು. "ವಾಪಸ್ ಬಂದೆವಲ್ಲ, ಇನ್ನು ಯಾಕೆ" ಅಂತ ನಿಲ್ಲಿಸಿದರೆ ಆ ಕೊನೆಯ ವಾರದ ಮರಿಗಳು ಉಳಿದುಕೊಂಡು ಬೆಳೆಯುತ್ತವೆ. ಒಂದೆರಡು ತಿಂಗಳು ದಾಟಿದ ಮರಿಹುಳುವಿಗೆ ಈ ಮಾತ್ರೆ ಸರಿಯಾಗಿ ನಾಟುವುದಿಲ್ಲ. ದೊಡ್ಡದಾದ ಮೇಲೆ ಅದನ್ನು ಕೊಲ್ಲಲು ಮೆಲಾರ್ಸೊಮಿನ್ ಅನ್ನುವ ಇಂಜೆಕ್ಷನ್ ಬೇಕು. ಅದು ಆರ್ಸೆನಿಕ್ ಸೇರಿದ ಔಷಧ, ಸೊಂಟದ ಸ್ನಾಯುವಿಗೆ ಆಳವಾಗಿ ಕೊಡಬೇಕು. ಸತ್ತ ಹುಳುಗಳು ರಕ್ತನಾಳದಲ್ಲಿ ಸಿಕ್ಕಿಹಾಕಿಕೊಳ್ಳುವ ಅಪಾಯವಿದೆ. ಅದಕ್ಕಾಗಿ ನಾಯಿಯನ್ನು ತಿಂಗಳುಗಟ್ಟಲೆ ಓಡದ ಹಾಗೆ, ನೆಗೆಯದ ಹಾಗೆ ಕಟ್ಟಿಹಾಕಿಕೊಂಡಿರಬೇಕು. ಒಂದು ಮಾತ್ರೆ ಮರೆತದ್ದಕ್ಕೆ ಇಷ್ಟೆಲ್ಲ.

ಇನ್ನೊಂದು ಎಚ್ಚರಿಕೆ. ನಾಯಿ ಮೊದಲೇ ಹುಳು ಇರುವ ಜಾಗದಲ್ಲಿ ಬೆಳೆದಿದ್ದರೆ, ಪರೀಕ್ಷೆ ಮಾಡಿಸದೆ ತಡೆ ಮಾತ್ರೆ ಶುರು ಮಾಡಬೇಡಿ. ರಕ್ತದಲ್ಲಿ ಈಗಾಗಲೇ ಸಾವಿರಾರು ಮರಿಗಳಿದ್ದರೆ ಅವು ಒಂದೇ ಸಲ ಸತ್ತು ನಾಯಿಗೆ ತೊಂದರೆಯಾಗಬಹುದು.

ಈ ಔಷಧದ ಕಥೆಯೇ ಸ್ವಾರಸ್ಯವಾಗಿದೆ, ಒಂದು ನಿಮಿಷ ಹೇಳುತ್ತೇನೆ. ಜಪಾನಿನಲ್ಲಿ ಸತೋಶಿ ಒಮುರಾ ಅನ್ನುವ ವಿಜ್ಞಾನಿ ಹೋದಲ್ಲೆಲ್ಲ ಮಣ್ಣಿನ ಮಾದರಿ ಎತ್ತಿಟ್ಟುಕೊಳ್ಳುತ್ತಿದ್ದರು. ಒಂದು ಗಾಲ್ಫ್ ಮೈದಾನದ ಹತ್ತಿರದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಐವರ್ಮೆಕ್ಟಿನ್ ಬಂತು. ವಿಲಿಯಂ ಕ್ಯಾಂಪ್‌ಬೆಲ್ ಅವರ ತಂಡ ಅದನ್ನು ಔಷಧ ಮಾಡಿತು. 2015ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇದನ್ನು ಹೇಳಲು ಕಾರಣವಿದೆ. ಕೋಲಿ ಅನ್ನುವ ನಾಯಿ ತಳಿ ಮತ್ತು ಅದರ ಸಂಬಂಧದ ತಳಿಗಳಲ್ಲಿ ಎಂಡಿಆರ್1 ಅನ್ನುವ ಜೀನ್‌ನಲ್ಲಿ ದೋಷ ಇರುವುದು ಸಾಮಾನ್ಯ. ಈ ಜೀನ್ ಸರಿಯಿದ್ದರೆ ಔಷಧ ಮೆದುಳಿಗೆ ಹೋಗದಂತೆ ತಡೆಯುತ್ತದೆ. ದೋಷ ಇದ್ದರೆ ಔಷಧ ಒಳಗೆ ನುಗ್ಗುತ್ತದೆ, ನಾಯಿ ತೂರಾಡುತ್ತದೆ, ಕೋಮಾಕ್ಕೂ ಹೋಗಬಹುದು. ಹೃದಯದ ಹುಳು ತಡೆಯಲು ಬೇಕಾಗುವುದು ಕಿಲೋ ತೂಕಕ್ಕೆ 6 ಮೈಕ್ರೊಗ್ರಾಂ. ಅಷ್ಟು ಸಣ್ಣ ಪ್ರಮಾಣವನ್ನು ಈ ನಾಯಿಗಳೂ ತಡೆದುಕೊಳ್ಳುತ್ತವೆ. ಅಪಾಯ ಬರುವುದು ದನಕ್ಕೆ, ಕುದುರೆಗೆ ಮಾಡಿದ ಔಷಧವನ್ನು ಅಂದಾಜಿನಲ್ಲಿ ನಾಯಿಗೆ ಕೊಟ್ಟಾಗ. ಪ್ರವಾಸದಲ್ಲಿ ನಿಮ್ಮ ಮಾತ್ರೆ ಮುಗಿದುಹೋಗಿ, ಯಾರೋ "ಇದೂ ಅದೇ ಔಷಧ" ಅಂತ ಕೊಟ್ಟರೆ ತಗೊಳ್ಳಬೇಡಿ. ಹೋಗುವಾಗಲೇ ಒಂದೆರಡು ಮಾತ್ರೆ ಜಾಸ್ತಿ ಇಟ್ಟುಕೊಳ್ಳಿ.

ಇನ್ನು ಉಣುಗು. ಕೆಲವರು ಉಣ್ಣಿ, ಉಣ್ಣೆ ಅಂತಲೂ ಅನ್ನುತ್ತೀರಿ. ಇದಕ್ಕೆ ಔಷಧಕ್ಕಿಂತ ನಿಮ್ಮ ಬೆರಳೇ ಮುಖ್ಯ.

ದಿನಾ ಸಂಜೆ ಹತ್ತು ನಿಮಿಷ ನಾಯಿಯನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಿ. ಕಣ್ಣಿಂದ ಹುಡುಕಬೇಡಿ, ಬೆರಳ ತುದಿಯಿಂದ ಹುಡುಕಿ. ಕೂದಲಿನ ವಿರುದ್ಧ ದಿಕ್ಕಿನಲ್ಲಿ ನಿಧಾನವಾಗಿ ಕೈಯಾಡಿಸಿ. ಕಿವಿಯ ಮಡಿಕೆ, ಕುತ್ತಿಗೆ ಪಟ್ಟಿಯ ಕೆಳಗೆ, ಕಂಕುಳು, ತೊಡೆಸಂದು, ಬಾಲದ ಬುಡ, ಮತ್ತೆ ಎಲ್ಲರೂ ಮರೆಯುವ ಜಾಗ, ಬೆರಳುಗಳ ನಡುವೆ. ಸಾಸಿವೆ ಕಾಳಿನಷ್ಟು ಏನೋ ತಗುಲುತ್ತದೆ. ಕೂದಲು ಬಿಡಿಸಿ ನೋಡಿದರೆ ತಲೆಯನ್ನು ಚರ್ಮದಲ್ಲಿ ಹೂತು, ಹಿಂಭಾಗ ಮೇಲಕ್ಕೆತ್ತಿಕೊಂಡು ಕೂತಿರುತ್ತದೆ. ತುದಿ ಚೂಪಾದ ಚಿಮಟ ತಗೊಂಡು ಅದರ ಹೊಟ್ಟೆಯನ್ನು ಹಿಡಿಯದೆ, ಚರ್ಮಕ್ಕೆ ತೀರ ಹತ್ತಿರ, ಬಾಯಿಯ ಭಾಗದಲ್ಲೇ ಹಿಡಿಯಿರಿ. ಒಂದೇ ಸಮ, ನೇರವಾಗಿ ಎಳೆಯಿರಿ. ಮೊದಲು ಚರ್ಮ ಸ್ವಲ್ಪ ಡೇರೆಯ ಹಾಗೆ ಮೇಲೆ ಬರುತ್ತದೆ, ಹೆದರಬೇಡಿ. ಅವಸರ ಮಾಡದೆ ಹಾಗೇ ಎಳೆದು ಹಿಡಿದರೆ ಕೆಲವು ಸೆಕೆಂಡಿನಲ್ಲಿ ಉಣುಗು ಬಿಡುತ್ತದೆ. ಎಣ್ಣೆ ಸುರಿಯುವುದು, ವ್ಯಾಸಲೀನ್ ಬಳಿಯುವುದು, ಬೆಂಕಿಕಡ್ಡಿ ಮುಟ್ಟಿಸುವುದು ಯಾವುದೂ ಬೇಡ. ಹಾಗೆ ಮಾಡಿದರೆ ಉಣುಗು ಕಸಿವಿಸಿಗೊಂಡು ತನ್ನ ಹೊಟ್ಟೆಯಲ್ಲಿದ್ದದ್ದನ್ನು ನಾಯಿಯ ರಕ್ತಕ್ಕೇ ಕಾರಿಕೊಳ್ಳುವ ಸಾಧ್ಯತೆ ಇದೆ. ತೆಗೆದದ್ದನ್ನು ಬರಿಗೈಯಲ್ಲಿ ಹಿಸುಕಬೇಡಿ. ಸಣ್ಣ ಶೀಶೆಯಲ್ಲಿ ಸ್ಪಿರಿಟ್ ಹಾಕಿ ಅದರಲ್ಲಿಡಿ, ಮೇಲೆ ತಾರೀಖು, ಊರು ಬರೆಯಿರಿ. ಮುಂದೆ ನಾಯಿಗೆ ಜ್ವರ ಬಂದರೆ ಆ ಶೀಶೆ ಡಾಕ್ಟರಿಗೆ ಬಹಳ ಸಹಾಯಕ್ಕೆ ಬರುತ್ತದೆ.

ದಿನಾ ಯಾಕೆ ಅಂದರೆ ಸಮಯದ ಕಾರಣಕ್ಕೆ. ಲೈಮ್ ರೋಗದ ಬ್ಯಾಕ್ಟೀರಿಯಾ ಉಣುಗಿನ ಹೊಟ್ಟೆಯಿಂದ ಅದರ ಜೊಲ್ಲಿಗೆ ಬರಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಜಾಸ್ತಿ ಬೇಕು. ಅಷ್ಟರೊಳಗೆ ಕಿತ್ತುಹಾಕಿದರೆ ನೀವು ಗೆದ್ದಿರಿ. ಎಲ್ಲ ರೋಗಕ್ಕೂ ಇಷ್ಟು ಸಮಯ ಸಿಗುವುದಿಲ್ಲ. ಎರ್ಲಿಕಿಯಾ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ ಕೆಲವೇ ಗಂಟೆಗಳಲ್ಲಿ ದಾಟಿಬಿಡುತ್ತದೆ. ಅದಕ್ಕೇ ಬೆರಳೂ ಬೇಕು, ಔಷಧವೂ ಬೇಕು. ಉಣುಗು ಅಂಟಿಕೊಂಡಾಗ ಬರುವ ಇನ್ನೊಂದು ರೋಗ ಬಬೇಸಿಯಾ. ಅದು ಕೆಂಪು ರಕ್ತಕಣವನ್ನೇ ಒಡೆಯುತ್ತದೆ. ಒಸಡು ಬಿಳಚಿಕೊಂಡು, ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಬೆಳಗಿನ ತನಕ ಕಾಯಬೇಡಿ. ಹೆಪಟೊಜೂನ್ ಅನ್ನುವುದು ಇನ್ನೂ ವಿಚಿತ್ರ. ಅದು ಉಣುಗು ಕಚ್ಚಿದರೆ ಬರುವುದಿಲ್ಲ, ನಾಯಿ ಉಣುಗನ್ನು ತಿಂದರೆ ಬರುತ್ತದೆ. ಕೆರೆದುಕೊಳ್ಳುತ್ತಾ ಹಲ್ಲಲ್ಲಿ ಕಿತ್ತು ನುಂಗುತ್ತವಲ್ಲ, ಹಾಗೆ.

ಉಣುಗು ಪ್ರವಾಸ ಮುಗಿಸಿ ನಿಮ್ಮ ಜೊತೆ ಮನೆಗೂ ಬರುತ್ತದೆ. ಕಂದು ನಾಯಿ ಉಣುಗು ಅನ್ನುವ ಜಾತಿ ಮನೆಯೊಳಗೇ ಸಂಸಾರ ಹೂಡುತ್ತದೆ. ಒಂದು ಹೆಣ್ಣು ಸಾವಿರಾರು ಮೊಟ್ಟೆ ಇಡುತ್ತದೆ, ಗೋಡೆಯ ಸಂದಿಯಲ್ಲಿ, ಸೋಫಾದ ಹೊಲಿಗೆಯಲ್ಲಿ. ಹೊರಗೆ ಚಳಿ ಎಷ್ಟಿದ್ದರೇನು, ಮನೆಯೊಳಗೆ ಹೀಟರ್ ಇದ್ದರೆ ಅದಕ್ಕೆ ವರ್ಷಪೂರ್ತಿ ಬೇಸಿಗೆ.

ಒಂದು ನಾಯಿಯ ಪ್ರವಾಸ ಇನ್ನೊಂದು ನಾಯಿಯ ರೋಗವಾಗುವುದೂ ಹೀಗೆಯೇ. 2015ರ ಕೊನೆ, 2016ರ ಶುರುವಿನಲ್ಲಿ ಇಂಗ್ಲೆಂಡಿನ ಎಸೆಕ್ಸ್ ಜಿಲ್ಲೆಯ ಹಾರ್ಲೋ ಪಟ್ಟಣದಲ್ಲಿ ಕೆಲವು ನಾಯಿಗಳಿಗೆ ಬಬೇಸಿಯಾ ಬಂತು. ಆ ನಾಯಿಗಳು ಯಾವತ್ತೂ ದೇಶ ಬಿಟ್ಟು ಹೋದವಲ್ಲ. ಅವು ವಾಕಿಂಗ್ ಹೋಗುತ್ತಿದ್ದ ಹುಲ್ಲಿನಲ್ಲೇ ಸೋಂಕಿನ ಉಣುಗುಗಳು ಸಿಕ್ಕವು. ಅದಕ್ಕೂ ಮೊದಲು, 2012ರ ಆರಂಭದಲ್ಲಿ, ಹೊರಗಿನಿಂದ ಬರುವ ನಾಯಿಗೆ ಉಣುಗಿನ ಔಷಧ ಕಡ್ಡಾಯ ಅನ್ನುವ ನಿಯಮವನ್ನು ಆ ದೇಶ ಕೈಬಿಟ್ಟಿತ್ತು. ಆಸ್ಟ್ರೇಲಿಯಾದ ಕಥೆಯೂ ಗೊತ್ತಿರಲಿ. ಎರ್ಲಿಕಿಯಾ ತಮ್ಮಲ್ಲಿಲ್ಲ ಅಂತ ಅವರು ಬಹಳ ಕಾಲ ಹೇಳಿಕೊಂಡಿದ್ದರು. 2020ರ ಮೇ ತಿಂಗಳಲ್ಲಿ ವಾಯವ್ಯದ ಕಿಂಬರ್ಲಿ ಪ್ರದೇಶದಲ್ಲಿ, ಹೊರಗೆ ಹೋಗದ ನಾಯಿಗಳಲ್ಲೇ ಅದು ಸಿಕ್ಕಿತು. ಆಮೇಲೆ ಬೇರೆ ಪ್ರದೇಶಗಳಿಗೂ ಹರಡಿತು. ಇದೇ ರೋಗ 1960ರ ದಶಕದ ಕೊನೆಯಲ್ಲಿ ವಿಯೆಟ್ನಾಂ ಯುದ್ಧಕ್ಕೆ ಹೋದ ಅಮೆರಿಕದ ನೂರಾರು ಸೇನಾ ನಾಯಿಗಳನ್ನು ಕೊಂದಿತ್ತು. ಮೂಗಿನಿಂದ ರಕ್ತ ಸುರಿದು ಸಾಯುತ್ತಿದ್ದವು. ಆ ನೆಲದಲ್ಲಿ ಹುಟ್ಟಿ ಬೆಳೆಯದ, ಗಟ್ಟಿಮುಟ್ಟಾದ, ದಿನಾ ಡಾಕ್ಟರ್ ಕಣ್ಣಿನ ಕೆಳಗಿದ್ದ ನಾಯಿಗಳು ಅವು. ಹೊಸ ನಾಡಿನ ಉಣುಗಿಗೆ ನಿಮ್ಮ ನಾಯಿಯೂ ಹಾಗೆಯೇ ಹೊಸದು.

ಲಾಡಿಹುಳುವಿನ ವಿಷಯ ಬೇಗ ಮುಗಿಸುತ್ತೇನೆ, ಆದರೆ ಇಲ್ಲಿ ಗಡಿಯಾರ ನೋಡಬೇಕು. ಯುರೋಪಿನ ನರಿಗಳಲ್ಲಿ ಎಕೈನೋಕಾಕಸ್ ಅನ್ನುವ ಪುಟ್ಟ ಲಾಡಿಹುಳು ಇದೆ. ಸೋಂಕಿನ ಇಲಿ ಜಾತಿಯ ಪ್ರಾಣಿಯನ್ನು ತಿಂದ ನಾಯಿಗೆ ಬರುತ್ತದೆ. ನಾಯಿಗೆ ಏನೂ ಆಗುವುದಿಲ್ಲ. ಅದರ ಮೊಟ್ಟೆ ಮನುಷ್ಯರ ಹೊಟ್ಟೆಗೆ ಹೋದರೆ ಲಿವರ್‌ನಲ್ಲಿ ಗಡ್ಡೆಯ ಹಾಗೆ ಬೆಳೆಯುತ್ತದೆ, ಗೊತ್ತಾಗುವಷ್ಟರಲ್ಲಿ ಹತ್ತು ವರ್ಷ ಕಳೆದಿರಬಹುದು. ಅದಕ್ಕೇ ಬ್ರಿಟನ್, ಐರ್ಲೆಂಡ್, ಮಾಲ್ಟಾ, ಫಿನ್ಲೆಂಡ್, ನಾರ್ವೆ ದೇಶಗಳು ಒಳಗೆ ಬರುವ ನಾಯಿಗೆ ಒಂದು ಷರತ್ತು ಹಾಕಿವೆ. ಗಡಿ ದಾಟುವ 24 ಗಂಟೆಯಿಂದ 120 ಗಂಟೆ ಮೊದಲು, ಡಾಕ್ಟರೇ ಪ್ರಾಜಿಕ್ವಾಂಟೆಲ್ ಕೊಟ್ಟು, ದಿನ ಮತ್ತು ಸಮಯ ಬರೆದು ಸಹಿ ಹಾಕಿರಬೇಕು. ಇಷ್ಟು ಇಕ್ಕಟ್ಟಾದ ಅವಧಿ ಯಾಕೆ ಅಂದರೆ ಈ ಔಷಧ ಮೈಯಲ್ಲಿ ಉಳಿಯುವುದಿಲ್ಲ. ಅವತ್ತು ಇರುವ ಹುಳುವನ್ನು ಕೊಲ್ಲುತ್ತದೆ, ಮಾರನೇ ದಿನ ನಾಯಿ ಮತ್ತೊಂದು ಇಲಿ ತಿಂದರೆ ಮತ್ತೆ ಹುಳು. ಹಡಗು ತಡವಾಗಿ 121ನೇ ಗಂಟೆಗೆ ಗಡಿಯಲ್ಲಿದ್ದರೆ ಒಳಗೆ ಬಿಡುವುದಿಲ್ಲ. ನನ್ನ ಸಲಹೆ, ಮೂರನೇ ದಿನಕ್ಕೆ ಹೊಂದಿಸಿಕೊಳ್ಳಿ, ಎರಡೂ ಕಡೆ ಜಾಗ ಇರುತ್ತದೆ.

ಬೇರೆ ದೇಶಗಳಿಗೆ ಬೇರೆ ನಿಯಮ. ಆಸ್ಟ್ರೇಲಿಯಾಕ್ಕೆ ಹೋಗುವುದಾದರೆ ಒಳಗಿನ ಹುಳುವಿಗೆ, ಹೊರಗಿನ ಉಣುಗಿಗೆ ಇಷ್ಟು ದಿನದೊಳಗೆ ಇಷ್ಟು ಸಲ ಅಂತ ಪಟ್ಟಿಯೇ ಇದೆ, ತಿಂಗಳ ಮೊದಲೇ ಶುರು ಮಾಡಬೇಕು. ಮಾಂಸ ತಿನ್ನುವ ಹುಳುವಿನ ನೊಣ, ಸ್ಕ್ರೂವರ್ಮ್, ಇರುವ ದೇಶದಿಂದ ಅಮೆರಿಕಕ್ಕೆ ನಾಯಿಯನ್ನು ಒಯ್ಯುವುದಾದರೆ, ಹೊರಡುವ 5 ದಿನದೊಳಗೆ ಮೈಯೆಲ್ಲ ಪರೀಕ್ಷೆ ಮಾಡಿದ ಪ್ರಮಾಣಪತ್ರ ಬೇಕು. ನಿಯಮಗಳು ಬದಲಾಗುತ್ತಿರುತ್ತವೆ. ಹೋಗುವ ದೇಶದ ಸರ್ಕಾರದ ಮಾಹಿತಿಯನ್ನು ಮೂರು ತಿಂಗಳು ಮೊದಲು ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ಓದಿ.

ಜನ ಕೇಳಿಯೇ ಇರದ ಕೆಲವು ಇವೆ. ಇಟಲಿ ಮತ್ತು ಸುತ್ತಲಿನ ದೇಶಗಳಲ್ಲಿ ಹಣ್ಣಿನ ನೊಣದ ಜಾತಿಯದೊಂದು ನಾಯಿಯ ಕಣ್ಣೀರು ಕುಡಿಯಲು ಬರುತ್ತದೆ. ಕುಡಿಯುವಾಗ ಕಣ್ಣಿನೊಳಗೆ ಹುಳುವಿನ ಮರಿ ಬಿಟ್ಟುಹೋಗುತ್ತದೆ. ಆಮೇಲೆ ರೆಪ್ಪೆ ಎತ್ತಿದರೆ ಬಿಳಿ ದಾರ ಓಡಾಡುವುದು ಕಾಣುತ್ತದೆ. ಆಫ್ರಿಕಾದಲ್ಲಿ ಸಹಾರಾದ ದಕ್ಷಿಣಕ್ಕೆ ಟುಂಬು ಅನ್ನುವ ನೊಣ ಇದೆ. ಮೂತ್ರ ಬಿದ್ದ ಮಣ್ಣಿನಲ್ಲಿ, ಹೊರಗೆ ಒಣಹಾಕಿದ ಒದ್ದೆ ಬಟ್ಟೆಯಲ್ಲಿ ಮೊಟ್ಟೆ ಇಡುತ್ತದೆ. ಮರಿಹುಳು ಚರ್ಮ ಕೊರೆದು ಒಳಗೆ ಹೋಗಿ ಕುರುವಿನ ಹಾಗೆ ಊದಿಕೊಳ್ಳುತ್ತದೆ. ಅಲ್ಲಿ ನಾಯಿಯ ಹಾಸಿಗೆ ಬಟ್ಟೆಗೂ ಇಸ್ತ್ರಿ ಹಾಕಬೇಕು, ಹೊಲಿಗೆಯ ಮೇಲೂ. ಸಗಣಿ ಹುಳು ತಿನ್ನುವ ಚಟ ಇರುವ ನಾಯಿಗೆ ಅನ್ನನಾಳದ ಗಂಟುಹುಳು ಬರುತ್ತದೆ. ಇವನ್ನೆಲ್ಲ ಹೆದರಿಸಲು ಹೇಳುತ್ತಿಲ್ಲ. ಹೋಗುವ ಜಾಗದ ಹೆಸರನ್ನು, ತಿಂಗಳನ್ನು ನಿಮ್ಮ ಡಾಕ್ಟರಿಗೆ ಹೇಳಿದರೆ ಮಾತ್ರ ಸರಿಯಾದ ಔಷಧ ಸಿಗುತ್ತದೆ. "ಯುರೋಪಿಗೆ ಹೋಗುತ್ತಿದ್ದೇವೆ" ಅಂದರೆ ಸಾಲದು.

ವಾಪಸ್ ಬಂದ ಮೇಲೆ ಏನು ಮಾಡಬೇಕು? ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಬಂದ ವಾರವೇ ರಕ್ತ ಪರೀಕ್ಷೆ ಮಾಡಿಸಿ, ಏನೂ ಇಲ್ಲ ಅಂತ ಬಂದರೆ ನಿಶ್ಚಿಂತೆಯಾಗಿಬಿಡುತ್ತಾರೆ. ಹೃದಯದ ಹುಳುವಿನ ಪರೀಕ್ಷೆ ಬೆಳೆದ ಹೆಣ್ಣು ಹುಳು ಬಿಡುವ ವಸ್ತುವನ್ನು ಹುಡುಕುತ್ತದೆ. ಹುಳು ಬೆಳೆಯಲು ಆರು ತಿಂಗಳು ಬೇಕು. ಅದಕ್ಕೆ ಮೊದಲು ಮಾಡಿಸಿದರೆ, ಹುಳು ಇದ್ದರೂ ಇಲ್ಲ ಅಂತಲೇ ಬರುತ್ತದೆ. ಲೀಶ್ಮೇನಿಯಾದ್ದೂ ಹಾಗೇ, ಮೈಯಲ್ಲಿ ಪ್ರತಿಕಾಯ ಏಳಲು ತಿಂಗಳುಗಳು ಬೇಕು. ಹಾಗಾಗಿ ಆರೇಳು ತಿಂಗಳ ನಂತರದ ಒಂದು ದಿನವನ್ನು ಈಗಲೇ ಫೋನಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಅಷ್ಟರ ನಡುವೆ ಜ್ವರ, ಸುಸ್ತು, ಮೂಗಿನಲ್ಲಿ ರಕ್ತ, ಬಿಳಚಿದ ಒಸಡು ಏನೇ ಕಂಡರೂ ಡಾಕ್ಟರ ಹತ್ತಿರ ಹೋದ ತಕ್ಷಣ ಮೊದಲು ಹೇಳಬೇಕಾದ್ದು, "ಇವನು ಇಂಥ ಕಡೆ ಹೋಗಿಬಂದಿದ್ದಾನೆ" ಅಂತ. ಅವರು ಕೇಳಲಿ ಅಂತ ಕಾಯಬೇಡಿ. ತಮ್ಮ ಊರಲ್ಲಿಲ್ಲದ ರೋಗ ಯಾವ ಡಾಕ್ಟರಿಗೂ ಮೊದಲು ಹೊಳೆಯುವುದಿಲ್ಲ. ನಾಯಿಯ ಲಸಿಕೆ ಪುಸ್ತಕದ ಹಿಂದಿನ ಪುಟದಲ್ಲಿ ಹೋದ ಜಾಗ, ತಿಂಗಳು ಬರೆದಿಡಿ. ಹೊರದೇಶದಿಂದ ದತ್ತು ತಂದ ನಾಯಿಗೂ ಇದೇ ಮಾತು. ಅದರ ಹುಟ್ಟೂರು ಅದರ ಆರೋಗ್ಯದ ದಾಖಲೆಯ ಮೊದಲ ಸಾಲು.

"ಇಷ್ಟೆಲ್ಲ ಇದ್ದರೆ ಕರೆದುಕೊಂಡು ಹೋಗಲೇಬಾರದಾ?" ಅಂತ ಒಬ್ಬರು ಕೇಳುತ್ತಿದ್ದಾರೆ. ಮನೆ ಬದಲಾಯಿಸಿ ಹೋಗುವವರು ಖಂಡಿತ ಕರೆದುಕೊಂಡು ಹೋಗಿ, ನಾಯಿಯನ್ನು ಬಿಟ್ಟು ಹೋಗುವ ಮಾತೇ ಬೇಡ. ಹತ್ತು ದಿನದ ರಜೆಗೆ, ಮರಳು ನೊಣದ ಕಾಲದಲ್ಲಿ, ಅಂದರೆ ಮೆಡಿಟರೇನಿಯನ್ ಕಡೆ ಸುಮಾರು ಮೇಯಿಂದ ಅಕ್ಟೋಬರ್ ತನಕ, ನಂಬಿಕಸ್ತರು ನೋಡಿಕೊಳ್ಳುವ ವ್ಯವಸ್ಥೆ ಇದ್ದರೆ ನಾನಂತೂ ಬಿಟ್ಟು ಹೋಗುತ್ತೇನೆ. ಚಳಿಗಾಲದಲ್ಲಾದರೆ ಜೊತೆಗೇ ಕರೆದುಕೊಂಡು ಹೋಗುತ್ತೇನೆ.

ಆ ಉಗುರಿನ ನಾಯಿ ಏನಾಯಿತು ಅಂತ ಹಿಂದಿನ ಸಾಲಿನಲ್ಲಿ ಕೇಳಿದಿರಿ. ಇದ್ದಾಳೆ. ದಿನಾ ಎರಡು ಹೊತ್ತು ಮಾತ್ರೆ, ಮೂರು ತಿಂಗಳಿಗೊಮ್ಮೆ ಮೂತ್ರ ಮತ್ತು ರಕ್ತ ಪರೀಕ್ಷೆ. ಕಣ್ಣಿನ ಸುತ್ತ ಕೂದಲು ಬಂದಿದೆ, ತೂಕವೂ ಏರಿದೆ. ಈ ವರ್ಷ ಮನೆಯವರು ಮತ್ತೆ ಅದೇ ಕರಾವಳಿಗೆ ಹೋಗಬೇಕಾಗಿದೆ, ಇವಳನ್ನೂ ಕರೆದುಕೊಂಡು ಹೋಗುತ್ತಿದ್ದಾರೆ. ಪಟ್ಟಿ ಕಟ್ಟಿ ಹನ್ನೆರಡು ದಿನ ಆಯಿತು. ಸೋಂಕು ಹೇಗೂ ಇದೆಯಲ್ಲ, ಇನ್ನು ಪಟ್ಟಿ ಯಾಕೆ ಅಂತ ಅವರೂ ಕೇಳಿದ್ದರು. ಇವಳ ರಕ್ತ ಕುಡಿದ ಮರಳು ನೊಣ ಕೆಲವು ದಿನ ಬಿಟ್ಟು ಪಕ್ಕದ ಮನೆಯ ನಾಯಿಮರಿಯ ಕಿವಿಯ ಮೇಲೆ ಕೂರುತ್ತದೆ. ಅದಕ್ಕೆ.